ಮಳೆಗಾಲ, ಮೂರು ತಾಸಿನ ಯುಪಿಎಸ್ ಮತ್ತು ಇಷ್ಟೊಂದು ಗಾಡ್ಜಿಲ್ಲಾ: ಯಾವುದನ್ನು ನೋಡೋದು?

ಜೂನ್ ಬಂತೆಂದರೆ ನನಗೆ ಎರಡು ಥರದ ಫೋನ್ ಬರುತ್ತವೆ. ಒಂದು, ‘ನಿಮ್ಮಲ್ಲಿ ಕರೆಂಟ್ ಇದೆಯಾ?’ ಇನ್ನೊಂದು, ‘ನೋಡೋದಕ್ಕೆ ಎಂತಾದ್ರೂ ಇದ್ರೆ ಹೇಳು ಮಾರಾಯ.’ ಮೊದಲನೆಯದಕ್ಕೆ ಉತ್ತರ ಸುಲಭ, ಇಲ್ಲ. ಎರಡನೆಯದಕ್ಕೆ ನಾನು ತಿರುಗಿ ಕೇಳೋದು, ನಿನ್ನ ಯುಪಿಎಸ್ ಎಷ್ಟು ಹೊತ್ತು ಬರುತ್ತದೆ ಅಂತ.

ತಮಾಷೆಗೆ ಹೇಳ್ತಿಲ್ಲ. ನಮ್ಮದು ತೀರ್ಥಹಳ್ಳಿಯಿಂದ ಒಳಗೆ, ತೋಟದ ಮನೆ. ಟಿವಿ, ವೈಫೈ ಡಬ್ಬಿ, ಜಗಲಿಯ ಒಂದು ಬಲ್ಬು, ಇಷ್ಟಕ್ಕೆ ಬ್ಯಾಟರಿ ಮೂರು ತಾಸು ಎಳೆಯುತ್ತದೆ. ನಡುವೆ ಅಮ್ಮ ಚಟ್ನಿಗೆ ಅಂತ ಮಿಕ್ಸಿ ಹಾಕಿದಳೋ, ಎರಡೂವರೆ. ಹಾಗಾಗಿ ‘ಈ ವಾರ ನೋಡಲೇಬೇಕಾದ ಹತ್ತು’ ಅನ್ನೋ ಪಟ್ಟಿಗಳು ನಮಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಯಾರು ಎಷ್ಟು ಸ್ಟಾರ್ ಕೊಟ್ಟರು ಅನ್ನೋದು ಆಮೇಲೆ. ಮೊದಲು ಬ್ಯಾಟರಿ ನೋಡಿ, ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಿ, ಹೆಂಚಿನ ಮೇಲೆ ಮಳೆ ಎಷ್ಟು ಜೋರಾಗಿ ಬೀಳುತ್ತಿದೆ ಅಂತ ಕೇಳಿಸಿಕೊಳ್ಳಿ.

ಹೋದ ಮಳೆಗಾಲದಲ್ಲಿ ಶಾಲೆಗೆ ರಜೆ ಮೇಲೆ ರಜೆ ಸಿಕ್ಕಿತು. ಅಣ್ಣನ ಮಗನಿಗೆ ಒಂಬತ್ತು ವರ್ಷ. ‘ಚಿಕ್ಕಪ್ಪ, ಗಾಡ್ಜಿಲ್ಲಾ ಹಾಕು’ ಅಂತ ಹಟ ಹಿಡಿದ. ಸಮುದ್ರದಿಂದ ಎದ್ದು ಬಂದು ಊರು ತುಳಿಯುವ ದೈತ್ಯ ಪ್ರಾಣಿಯ ಸಿನಿಮಾ. ಹಾಕೋಣ ಅಂತ ಹುಡುಕಿದರೆ ಒಂದಾ ಎರಡಾ! ಜಪಾನಿನದ್ದೇ ರಾಶಿ ಇದೆ, ಅಮೆರಿಕದವರದ್ದು ಬೇರೆ, ಸಾಲದ್ದಕ್ಕೆ ಒಂದು ಸೀರೀಸು. ಯಾವುದು ಯಾವುದರ ಮುಂದಿನ ಭಾಗ, ಯಾವುದು ಮೊದಲಿಂದ ಶುರು ಮಾಡಿದ್ದು, ಅಂದರೆ ರೀಬೂಟ್, ಅಂತ ಗೊತ್ತಾಗದೆ ಕೊನೆಗೆ ಒಂದೊಂದಾಗಿ ನೋಡಿದೆವು. ನಾನು, ಅವನು, ಅಮ್ಮ, ಒಮ್ಮೊಮ್ಮೆ ಅತ್ತಿಗೆ. ಅದರಿಂದ ತಿಳಿದದ್ದನ್ನು ಬರೆದಿಡುತ್ತಿದ್ದೇನೆ, ಫೋನ್ ಮಾಡಿದವರಿಗೆಲ್ಲ ಹೇಳೋ ಕಷ್ಟ ತಪ್ಪಲಿ ಅಂತ.

ರೀಬೂಟ್ ಅಂದರೆ ಏನು ಅಂತ ಅಮ್ಮ ಕೇಳಿದಳು. ಯಕ್ಷಗಾನ ನೋಡುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಂದೆ. ಅದೇ ಪ್ರಸಂಗ, ಬೇರೆ ಮೇಳ, ಬೇರೆ ಭಾಗವತರು. ಕೀಚಕ ಸಾಯುತ್ತಾನೆ ಅಂತ ಗೊತ್ತಿದ್ದೇ ಚಾಪೆ ಹಿಡಿದುಕೊಂಡು ಹೋಗುತ್ತೇವೆ. ಈ ಸಲ ಕೀಚಕ ಯಾರು, ಹೇಗೆ ಮಾಡುತ್ತಾನೆ ಅಂತ ನೋಡೋದಕ್ಕೆ, ಅಷ್ಟೇ.

ಮೂಲ ಪ್ರಸಂಗ 1954ರದ್ದು. ಇಶಿರೋ ಹೋಂಡಾ ನಿರ್ದೇಶನ, ಕಪ್ಪು ಬಿಳುಪು. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿ ನೋಡಿತ್ತು. ಅದರ ಬೂದಿ ಜಪಾನಿನ ಒಂದು ಮೀನು ದೋಣಿಯವರ ಮೇಲೆ ಬಿತ್ತು. ಆ ಸಿಟ್ಟು, ಆ ಭಯವೇ ಸಮುದ್ರದಿಂದ ಎದ್ದು ಬಂದ ಹಾಗಿದೆ ಆ ಪ್ರಾಣಿ. ಅದರ ಕೂಗು ಇದೆಯಲ್ಲ, ಸಂಗೀತ ಮಾಡಿದ ಅಕಿರಾ ಇಫುಕುಬೆ ಅದನ್ನು ಹುಟ್ಟಿಸಿದ್ದು ದೊಡ್ಡ ತಂತಿವಾದ್ಯ ಒಂದರ ತಂತಿಯನ್ನು ಚರ್ಮದ ಗ್ಲೌಸಿನಿಂದ ಉಜ್ಜಿ. ಇದನ್ನು ಹೇಳಿದ ಮೇಲೆ ಹುಡುಗ ಒಂದು ವಾರ ಅಡಿಗೆಮನೆ ಬಾಗಿಲಿಗೆ ಒದ್ದೆ ಚಪ್ಪಲಿ ಉಜ್ಜಿಕೊಂಡು ತಿರುಗಿದ. ಹಳೆಯದನ್ನು ಈಗ ನೋಡಲೇಬೇಕು ಅಂತಿಲ್ಲ. ಆದರೆ ಪ್ರಾಣಿ ಎಲ್ಲಿಂದ ಬಂತು ಅನ್ನೋದು ತಲೆಯಲ್ಲಿ ಇದ್ದರೆ ಒಳ್ಳೇದು, ಯಾಕೆಂದರೆ ಹೊಸ ಚಿತ್ರಗಳಲ್ಲಿ ಕೆಲವು ಅದನ್ನು ಮರೆತಿವೆ, ಕೆಲವು ಮರೆತಿಲ್ಲ.

ಈಗ 2014ರದ್ದು. ಅಮೆರಿಕದವರು ಹೊಸದಾಗಿ ಶುರು ಮಾಡಿದ್ದು ಇಲ್ಲಿಂದ, ಗ್ಯಾರೆತ್ ಎಡ್ವರ್ಡ್ಸ್ ನಿರ್ದೇಶನ. ಇದನ್ನು ನಾನು ಆಗಲೇ ಶಿವಮೊಗ್ಗದ ಒಂದು ಟಾಕೀಸಿನಲ್ಲಿ ನೋಡಿದ್ದೆ. ಸೌಂಡು ಎಷ್ಟು ಕಡಿಮೆ ಇಟ್ಟಿದ್ದರು ಅಂದರೆ ಹಿಂದಿನ ಸಾಲಿನವನು ಕಡಲೆಕಾಯಿ ಸುಲಿಯೋದು ಗಾಡ್ಜಿಲ್ಲಾಗಿಂತ ಜೋರಾಗಿ ಕೇಳುತ್ತಿತ್ತು. ಇಂಟರ್ವಲ್‌ನಲ್ಲಿ ಕೇಳಿದರೆ, ‘ಪಕ್ಕದ ಮನೆಯವರು ಜಗಳಕ್ಕೆ ಬರ್ತಾರೆ ಸಾರ್’ ಅಂದರು. ಇರಲಿ. ಈ ಚಿತ್ರದ ಕ್ರಮವೇ ಯಕ್ಷಗಾನದಲ್ಲಿ ಬಣ್ಣದ ವೇಷದ ಒಡ್ಡೋಲಗದ ಹಾಗೆ, ಅಂದರೆ ರಾಕ್ಷಸ ಮೊದಲ ಸಲ ರಂಗಕ್ಕೆ ಬರುವ ಹಾಗೆ. ತೆರೆ ಹಿಡಿದುಕೊಂಡೇ ಇರುತ್ತಾರೆ. ಒಂದು ಸಲ ಬೆನ್ನು, ಇನ್ನೊಂದು ಸಲ ಬಾಲ, ಆಮೇಲೆ ಹೊಗೆಯೊಳಗೆ ಒಂದು ಕಾಲು. ಎರಡು ತಾಸಿನ ಚಿತ್ರದಲ್ಲಿ ಪ್ರಾಣಿ ಪೂರ್ತಿ ಕಾಣೋದು ಹತ್ತು ನಿಮಿಷದ ಆಸುಪಾಸು. ಅದು ತಪ್ಪಲ್ಲ, ತೆರೆ ಸರಿದಾಗ ಮೈ ಜುಮ್ ಅನ್ನುತ್ತದೆ. ತೊಂದರೆ ಏನೆಂದರೆ ತೆರೆಯ ಈಚೆ ಇರುವ ಮನುಷ್ಯರು ಸಪ್ಪೆ. ಅಪ್ಪನ ಪಾತ್ರದ ಬ್ರಯಾನ್ ಕ್ರಾನ್‌ಸ್ಟನ್ ಇರುವಷ್ಟು ಹೊತ್ತು ಎದೆ ಹಿಂಡುತ್ತದೆ. ಅವನು ಬೇಗ ಹೊರಟುಹೋಗುತ್ತಾನೆ, ಆಮೇಲೆ ಅವನ ಮಗ ಬಂದೂಕು ಹಿಡಿದುಕೊಂಡು ಊರಿಂದೂರಿಗೆ ಹೋಗುತ್ತಿರುತ್ತಾನೆ, ಯಾಕೆ ಅಂತ ನನಗೆ ಎರಡನೇ ಸಲಕ್ಕೂ ನೆನಪು ಉಳಿಯಲಿಲ್ಲ.

ಇದನ್ನು ಮೊಬೈಲಲ್ಲಿ ಮಾತ್ರ ನೋಡಬೇಡಿ. ನಾನು ಮಧ್ಯಾಹ್ನ ಅಂಗಳದ ಕಟ್ಟೆ ಮೇಲೆ ಕೂತು ನೋಡೋಕೆ ಹೋದೆ. ಮುಕ್ಕಾಲು ಪಾಲು ರಾತ್ರಿ ದೃಶ್ಯ, ಪರದೆಯಲ್ಲಿ ಕಂಡದ್ದು ನನ್ನದೇ ಮುಖ ಮತ್ತು ಹಿಂದಿನ ಅಡಿಕೆ ಮರ. ದೊಡ್ಡ ಟಿವಿ, ದೀಪ ಆರಿಸಿದ ಕೋಣೆ, ಸಾಧ್ಯವಾದರೆ ಒಂದು ಸ್ಪೀಕರ್, ಇಷ್ಟು ಇದ್ದರೆ ಹಾಕಿ. ಸೈನಿಕರು ಕೆಂಪು ಹೊಗೆ ಬಿಡುತ್ತಾ ಮೋಡದೊಳಗಿಂದ ನಗರಕ್ಕೆ ಧುಮುಕುವ ದೃಶ್ಯ ಒಂದಕ್ಕೇ ಆ ಕಷ್ಟ ಪಡಬಹುದು. ಆಗುಂಬೆ ಘಾಟಿಯಲ್ಲಿ ಬಸ್ಸು ಮಂಜಿನೊಳಗೆ ಇಳಿಯುವಾಗ ಹೊಟ್ಟೆಯಲ್ಲಿ ಆಗುತ್ತದಲ್ಲ, ಅದೇ ಥರ.

ಪ್ರಾಣಿಯ ಎತ್ತರ 108 ಮೀಟರ್ ಅಂತ ಹುಡುಗ ಎಲ್ಲಿಂದಲೋ ಓದಿಕೊಂಡು ಬಂದು ಹೇಳಿದ. ಜೋಗದ ಗುಂಡಿಯಲ್ಲಿ ನಿಲ್ಲಿಸಿದರೆ ಅರ್ಧಕ್ಕೂ ಬರಲ್ಲ ಕಣೋ, ಅದು 253 ಮೀಟರ್, ಅಂದೆ. ಅವನಿಗೆ ಭಾರೀ ನಿರಾಸೆಯಾಯಿತು.

ಇನ್ನು ಗುದ್ದಾಟವೇ ಬೇಕು ಅನ್ನುವವರಿಗೆ ಇದೇ ಸಾಲಿನ 2024ರ ‘ಗಾಡ್ಜಿಲ್ಲಾ ಎಕ್ಸ್ ಕಾಂಗ್’ ಇದೆ. ಆಡಮ್ ವಿಂಗರ್ಡ್ ಮಾಡಿದ್ದು. ಹೆಚ್ಚು ಹೇಳೋದಿಲ್ಲ. ಬೆಳಕು ಜಾಸ್ತಿ, ಬಣ್ಣ ಜಾಸ್ತಿ, ಮಾತು ಕಡಿಮೆ, ದೊಡ್ಡ ಕೋತಿಗಳು ಪರಸ್ಪರ ಹೊಡೆದಾಡುತ್ತವೆ, ಗಾಡ್ಜಿಲ್ಲಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಮಳೆಯ ಸದ್ದಿಗೆ ಒಂದು ಮಾತೂ ಕೇಳಿಸದಿದ್ದರೂ ಕಥೆ ತಪ್ಪುವುದಿಲ್ಲ, ನಮ್ಮ ಕಡೆ ಇದೂ ಒಂದು ಗುಣವೇ ಅಲ್ವಾ? ಹುಡುಗ ಮೂರು ಸಲ ನೋಡಿದ. ಅಮ್ಮ ಕೋತಿಗಳನ್ನು ನೋಡಿ, ‘ಇವನ್ನ ಯಾಕೆ ಟಿವಿಯಲ್ಲಿ ನೋಡ್ಬೇಕು, ತೋಟಕ್ಕೆ ಹೋಗು’ ಅಂತ ಎದ್ದುಹೋದಳು.

ಸರ್ಕಾರಿ ಕಚೇರಿಗೆ ಒಮ್ಮೆಯಾದರೂ ಅರ್ಜಿ ಹಿಡಿದು ಅಲೆದವರು ನೋಡಬೇಕಾದ್ದು ಜಪಾನಿನ 2016ರ ‘ಶಿನ್ ಗಾಡ್ಜಿಲ್ಲಾ’. ಹಿದೆಯಾಕಿ ಆನ್ನೋ ಮತ್ತು ಶಿಂಜಿ ಹಿಗುಚಿ ಮಾಡಿದ್ದು. 2011ರ ಸುನಾಮಿ, ಫುಕುಶಿಮಾ ಅಣುಸ್ಥಾವರದ ಅನಾಹುತ ಇದರ ಹಿಂದೆ ಇದೆ. ಪ್ರಾಣಿ ನಗರಕ್ಕೆ ನುಗ್ಗುತ್ತದೆ, ಮಂತ್ರಿಗಳು ಸಭೆ ಮಾಡುತ್ತಾರೆ. ಸಭೆ ಮುಗಿಸಿ ಇನ್ನೊಂದು ಕೋಣೆಗೆ ಹೋಗಿ ಮತ್ತೆ ಸಭೆ ಮಾಡುತ್ತಾರೆ. ಪ್ರತಿಯೊಬ್ಬನ ಹೆಸರು, ಹುದ್ದೆ ಪರದೆ ಮೇಲೆ ಬರುತ್ತದೆ, ಹುದ್ದೆಯ ಹೆಸರೇ ಒಂದೊಂದು ಮೊಳ. ಹೆಲಿಕಾಪ್ಟರ್‌ಗಳು ಗುರಿಯಿಟ್ಟು ನಿಂತಿವೆ, ಇನ್ನೇನು ಗುಂಡು ಹಾರಿಸಬೇಕು, ಅಷ್ಟರಲ್ಲಿ ಕೆಳಗೆ ರೈಲು ಹಳಿ ದಾಟುತ್ತಿರುವ ಇಬ್ಬರು ಕಾಣುತ್ತಾರೆ. ಒಬ್ಬರು ಇನ್ನೊಬ್ಬರನ್ನು ಬೆನ್ನ ಮೇಲೆ ಹೊತ್ತಿದ್ದಾರೆ. ಹಾರಿಸೋದಾ ಬೇಡವಾ ಅನ್ನೋ ಪ್ರಶ್ನೆ ಒಬ್ಬರಿಂದ ಒಬ್ಬರಿಗೆ ಮೇಲೇರುತ್ತಾ ಪ್ರಧಾನಿವರೆಗೆ ಹೋಗಿ, ಉತ್ತರ ಅದೇ ದಾರಿಯಲ್ಲಿ ಒಬ್ಬರಿಂದ ಒಬ್ಬರಿಗೆ ಇಳಿದು ಬರುತ್ತದೆ. ಒಂದೊಂದೇ ಮೆಟ್ಟಿಲು.

ಗಾಳಿಗೆ ಕೊಟ್ಟಿಗೆಯ ಹೆಂಚು ಹಾರಿಹೋದಾಗ ಪರಿಹಾರ ಕೇಳೋಕೆ ನಾನು ಒಂದು ಕಚೇರಿಗೆ ಹೋಗಿದ್ದೆ. ಇದು ನಮ್ಮ ಸೆಕ್ಷನ್ ಅಲ್ಲ ಅಂದರು. ಪಕ್ಕದ ಕೋಣೆಯವರು ಫೋಟೋದಲ್ಲಿ ತಾರೀಖು ಇಲ್ಲ ಅಂದರು. ತಾರೀಖು ಇರೋ ಫೋಟೋ ತೆಗೆಯೋಷ್ಟರಲ್ಲಿ ನಾನೇ ಹೊಸ ಹೆಂಚು ಹೊದಿಸಿದ್ದೆ. ಹಾಗಾಗಿ ಈ ಚಿತ್ರ ನೋಡುವಾಗ ನನಗೆ ಜಪಾನ್ ಅಷ್ಟೇನೂ ದೂರ ಅನ್ನಿಸಲಿಲ್ಲ. ಆದರೆ ಮಾತು ವಿಪರೀತ, ಸಬ್‌ಟೈಟಲ್ ಓಡೋ ವೇಗಕ್ಕೆ ನನ್ನ ಕಣ್ಣೇ ಸೋತಿತು. ಹುಡುಗ ಅರ್ಧ ತಾಸಿಗೆ ನಿದ್ದೆ ಹೋದ. ಒಬ್ಬರೇ ಇದ್ದಾಗ, ಊಟ ಮುಗಿಸಿ, ಕೈಯಲ್ಲಿ ಬೇರೆ ಕೆಲಸ ಇಟ್ಟುಕೊಳ್ಳದೆ ನೋಡಿ. ಮನೆಮಂದಿ ಜೊತೆ ಬೇಡ.

ನನ್ನನ್ನು ಕೇಳಿದರೆ, ಒಂದೇ ಒಂದು ನೋಡುತ್ತೇನೆ ಅನ್ನುವವರಿಗೆ ‘ಗಾಡ್ಜಿಲ್ಲಾ ಮೈನಸ್ ಒನ್’. 2023ರದ್ದು, ತಕಾಶಿ ಯಮಜಾಕಿ ಬರೆದು, ನಿರ್ದೇಶಿಸಿ, ಗ್ರಾಫಿಕ್ಸ್ ಉಸ್ತುವಾರಿಯನ್ನೂ ತಾನೇ ನೋಡಿಕೊಂಡದ್ದು. ಗ್ರಾಫಿಕ್ಸ್ ಮಾಡಿದವರು ಬರೀ 35 ಜನ, ಶಾಟ್‌ಗಳು 610. ಒಟ್ಟು ಖರ್ಚು ಒಂದೂವರೆ ಕೋಟಿ ಡಾಲರಿಗಿಂತಲೂ ಕಡಿಮೆ. ಅಮೆರಿಕದ 2014ರ ಚಿತ್ರಕ್ಕೆ ಆದದ್ದು ಸುಮಾರು 16 ಕೋಟಿ ಡಾಲರ್. 2024ರ ಆಸ್ಕರ್‌ನಲ್ಲಿ ವಿಷುಯಲ್ ಎಫೆಕ್ಟ್ಸ್ ಪ್ರಶಸ್ತಿ ಬಂದದ್ದು ಇದಕ್ಕೆ. ಪ್ರಾಣಿ ಇಲ್ಲಿ ಮತ್ತೆ ಚಿಕ್ಕದಾಗಿದೆ, 50 ಮೀಟರ್, ಮೂರು ಅಡಿಕೆ ಮರ ಒಂದರ ಮೇಲೊಂದು ನಿಲ್ಲಿಸಿದಷ್ಟು. ಆದರೂ ಭಯ ಹುಟ್ಟಿಸೋದು ಇದೇ ಜಾಸ್ತಿ.

ಕಥೆ 1945ರಿಂದ ಶುರು. ಆತ್ಮಾಹುತಿ ದಾಳಿಗೆ ಹೊರಟ ಒಬ್ಬ ಪೈಲಟ್, ಹೆಸರು ಶಿಕಿಶಿಮಾ, ವಿಮಾನ ಕೆಟ್ಟಿದೆ ಅಂತ ಸುಳ್ಳು ಹೇಳಿ ಒಂದು ದ್ವೀಪದಲ್ಲಿ ಇಳಿಯುತ್ತಾನೆ. ಆ ರಾತ್ರಿ ಪ್ರಾಣಿ ಬರುತ್ತದೆ. ಇವನ ಕೈಗೆ ಬಂದೂಕಿನ ಗುಂಡಿ ಸಿಕ್ಕಿಯೂ ಒತ್ತೋದಕ್ಕೆ ಆಗೋದಿಲ್ಲ. ಆಮೇಲೆ ಟೋಕಿಯೋಗೆ ಬಂದರೆ ಮನೆಯಿಲ್ಲ, ಅಪ್ಪ ಅಮ್ಮ ಇಲ್ಲ, ಬರೀ ಸುಟ್ಟ ತಗಡು. ಅಲ್ಲೇ ಒಬ್ಬಳು ಹುಡುಗಿ ಯಾರದೋ ಮಗುವನ್ನು ಎತ್ತಿಕೊಂಡು ಬಂದು ಇವನ ಗುಡಿಸಲಿಗೆ ಸೇರಿಕೊಳ್ಳುತ್ತಾಳೆ. ಪಕ್ಕದ ಮನೆಯಾಕೆ, ಯುದ್ಧದಲ್ಲಿ ತನ್ನ ಮಕ್ಕಳನ್ನು ಕಳೆದುಕೊಂಡವಳು, ನೀವೆಲ್ಲ ಸರಿಯಾಗಿ ಯುದ್ಧ ಮಾಡಿದ್ದರೆ ಹೀಗಾಗುತ್ತಿತ್ತಾ ಅಂತ ಇವನ ಮುಖಕ್ಕೆ ಹೊಡೆದ ಹಾಗೆ ಬೈಯುತ್ತಾಳೆ. ಅದೇ ಹೆಂಗಸು ಮತ್ತೊಂದು ದಿನ ಬೈಯುತ್ತಲೇ ಬಂದು, ತಾನು ಜೋಪಾನವಾಗಿಟ್ಟಿದ್ದ ಬಿಳಿ ಅಕ್ಕಿ ಕೊಟ್ಟು ಮಗುವಿಗೆ ಗಂಜಿ ಮಾಡಿ ಅನ್ನುತ್ತಾಳೆ.

ನಾನು ಅಮ್ಮನಿಗೆ ಸಬ್‌ಟೈಟಲ್ ಓದಿ ಕನ್ನಡದಲ್ಲಿ ಹೇಳುತ್ತಾ ಕೂತಿದ್ದೆ. ಈ ದೃಶ್ಯಕ್ಕೆ ಬಾಯಿ ತೆರೆಯೋ ಮೊದಲೇ ಕೈ ಅಡ್ಡ ಹಿಡಿದಳು. ‘ನೀ ಹೇಳ್ಬೇಡ. ಅಕ್ಕಿ ಕೊಡೋಕೆ ಬಂದಿದಾಳೆ, ಸುಮ್ನೆ ಕೊಟ್ರೆ ಮರ್ಯಾದೆ ಹೋಗ್ತದೆ ಅಂತ ಬೈತಿದಾಳೆ.’ ಅಲ್ಲಿಂದ ಮುಂದೆ ನನ್ನ ಅನುವಾದ ಯಾರಿಗೂ ಬೇಕಾಗಲಿಲ್ಲ.

ಪ್ರಾಣಿ ಮತ್ತೆ ಬರುವುದು ಸಮುದ್ರದಲ್ಲಿ. ಹೊಟ್ಟೆಪಾಡಿಗೆ ಶಿಕಿಶಿಮಾ ಯುದ್ಧದ ಕಾಲದ ಮೈನ್‌ಗಳನ್ನು ತೆಗೆಯುವ ದೋಣಿಗೆ ಸೇರಿರುತ್ತಾನೆ. ಹಳೇ ಮರದ ದೋಣಿ, ಯಾಕೆಂದರೆ ಆ ಮೈನ್‌ಗಳು ಕಬ್ಬಿಣ ಹತ್ತಿರ ಬಂದರೆ ಸಿಡಿಯುವಂಥವು. ನಾಲ್ಕು ಜನ, ಒಂದು ಮೆಷಿನ್‌ಗನ್, ಡಬಡಬ ಅನ್ನುವ ಇಂಜಿನ್, ಹಿಂದೆ ನೀರು ಸೀಳಿಕೊಂಡು ಬರುವ ತಲೆ. ದೋಣಿ ಓಡುವಷ್ಟೇ ವೇಗವಾಗಿ ಅದೂ ಬರುತ್ತದೆ, ಅಷ್ಟೇ, ಆದರೆ ನಮ್ಮ ಜಗಲಿಯಲ್ಲಿ ಯಾರೂ ಮಿಸುಕಲಿಲ್ಲ. ಲಾಂಚಿನಲ್ಲಿ ಶರಾವತಿ ಹಿನ್ನೀರು ದಾಟಿದವರಿಗೆ ಆ ಇಂಜಿನ್ ಸದ್ದು ಇನ್ನೂ ಹತ್ತಿರದ್ದು.

ಇದು ಯಾಕೆ ನಾಟುತ್ತದೆ, 2014ರದ್ದು ಯಾಕೆ ನಾಟೋದಿಲ್ಲ ಅಂದರೆ ನನಗೆ ಕಾಣೋದು ಇಷ್ಟು: ಇಲ್ಲಿ ಪ್ರಾಣಿ ಕಾಲಿಡುವ ಮೊದಲೇ ಆ ಮನೆಯಲ್ಲಿ ಎಷ್ಟು ಅಕ್ಕಿ ಇದೆ ಅಂತ ನಮಗೆ ಗೊತ್ತಿರುತ್ತದೆ. ಅದು ಒಂದು ಬಾಲ ಬೀಸಿದರೆ ಏನು ಹೋಗುತ್ತದೆ ಅಂತಲೂ ಗೊತ್ತಿರುತ್ತದೆ. ಶಿನ್‌ನಲ್ಲಿ ಸರ್ಕಾರ ಸಭೆ ಮಾಡುತ್ತದೆ, ಇದರಲ್ಲಿ ಸರ್ಕಾರ ಬರುವುದೇ ಇಲ್ಲ, ಕೆಲಸ ಕಳೆದುಕೊಂಡ ನೌಕಾಪಡೆಯವರು ತಾವೇ ಸೇರಿ ಉಪಾಯ ಹುಡುಕುತ್ತಾರೆ. ದೋಷ ಇಲ್ಲ ಅಂತಲ್ಲ. ಕೆಲವರು ಕಿರುಚಿ ಕಿರುಚಿ ಮಾತಾಡುತ್ತಾರೆ. ಕೊನೆಯ ಒಂದು ತಿರುವು ನನಗೆ ಸ್ವಲ್ಪ ಸಲೀಸಾಯಿತು ಅನ್ನಿಸಿತು, ಅತ್ತಿಗೆಗೆ ಅದೇ ಇಷ್ಟವಾಯಿತು. ಮೊದಲ ಹತ್ತು ನಿಮಿಷದಲ್ಲಿ ಪ್ರಾಣಿ ಜನರನ್ನು ಬಾಯಲ್ಲಿ ಕಚ್ಚಿ ಎಸೆಯುತ್ತದೆ, ಸಣ್ಣ ಮಕ್ಕಳಿದ್ದರೆ ಅಲ್ಲಿ ಹಪ್ಪಳ ತರೋಕೆ ಕಳಿಸಿ. 125 ನಿಮಿಷ. ಮಿಕ್ಸಿ ಹಾಕಿದರೂ ಬ್ಯಾಟರಿ ಸಾಕು.

ಸೀರೀಸು ಅಂದೆನಲ್ಲ, ಅದು ಆಪಲ್‌ನವರ ‘ಮೊನಾರ್ಕ್’. 2023ರ ನವೆಂಬರ್‌ನಲ್ಲಿ ಶುರುವಾದದ್ದು, ಮೊದಲ ಸೀಸನ್‌ಗೆ 10 ಕಂತು. 2014ರ ಚಿತ್ರದ ಮುಂದುವರಿಕೆ ಇದ್ದ ಹಾಗೆ. ಒಂದೇ ಪಾತ್ರವನ್ನು ಮುದುಕನಾಗಿ ಕರ್ಟ್ ರಸೆಲ್, ಯುವಕನಾಗಿ ಅವರ ನಿಜವಾದ ಮಗ ವ್ಯಾಟ್ ರಸೆಲ್ ಮಾಡಿದ್ದಾರೆ. ನಗು ಕೂಡ ಒಂದೇ ಥರ, ಅದನ್ನು ನೋಡೋದೇ ಒಂದು ಮಜ. 1950ರ ದಶಕದ ಭಾಗ ಬಂದಾಗ ಚೆನ್ನಾಗಿದೆ. ಈಗಿನ ಕಾಲದ ಮೂವರು ಬಂದಾಗ ನಾನು ಎದ್ದು ಬಚ್ಚಲ ಒಲೆಗೆ ಕಟ್ಟಿಗೆ ಹಾಕಿ ಬರುತ್ತಿದ್ದೆ, ಏನೂ ತಪ್ಪುತ್ತಿರಲಿಲ್ಲ. ಇದಕ್ಕೋಸ್ಕರ ಹೊಸದಾಗಿ ದುಡ್ಡು ಕಟ್ಟಬೇಡಿ.

ರಾಕ್ಷಸನೇ ಬೇಡ, ದೆವ್ವ ಆದರೆ ನಡೀತದೆ ಅನ್ನುವವರಿಗೆ ಕನ್ನಡದಲ್ಲೇ ಎರಡು ದಾರಿ. ಮನೆ ತುಂಬ ನೆಂಟರಿದ್ದರೆ 2025ರ ‘ಸು ಫ್ರಮ್ ಸೋ’, ಜೆ.ಪಿ. ತುಮಿನಾಡ್ ಅವರದ್ದು. ಒಬ್ಬ ಹುಡುಗನ ಮೈಮೇಲೆ ಸೋಮೇಶ್ವರದ ಸುಲೋಚನಾ ಬಂದಿದ್ದಾಳೆ ಅಂತ ಇಡೀ ಊರು ನಂಬುವ ಕಥೆ. ಕರಾವಳಿ ಮಾತು ನಮಗೆ ಘಾಟಿ ಇಳಿದ ಕೂಡಲೇ ಕೇಳುವಂಥದ್ದೇ, ಕಷ್ಟವಿಲ್ಲ. ಒಬ್ಬರೇ ನೋಡಿದರೆ ಇದರ ಅರ್ಧ ನಗು ಬರೋದಿಲ್ಲ. ನಾನು ಒಬ್ಬನೇ ನೋಡಿದಾಗ ಸುಮ್ಮನೆ ಮುಗುಳ್ನಕ್ಕೆ, ಶ್ರಾದ್ಧಕ್ಕೆ ಬಂದಿದ್ದ ಹದಿನಾಲ್ಕು ಜನರ ಜೊತೆ ಮತ್ತೆ ಹಾಕಿದಾಗ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇನ್ನೊಂದು, ಅದೇ ವರ್ಷ ಜೀ5ನಲ್ಲಿ ಬಂದ ‘ಅಯ್ಯನ ಮನೆ’, ರಮೇಶ್ ಇಂದಿರಾ ನಿರ್ದೇಶನದ ಸೀರೀಸು. ಚಿಕ್ಕಮಗಳೂರು ಕಡೆಯ ದೊಡ್ಡ ಮನೆ, ಸೊಸೆಯಂದಿರ ಸಾವು, ಹೊಸದಾಗಿ ಬಂದ ಸೊಸೆ. ಕಂತುಗಳು ಚಿಕ್ಕವು. ಅತ್ತೆ ಸೊಸೆ ಒಂದೇ ಸೋಫಾದಲ್ಲಿ ಕೂತು ನೋಡಿದರೆ ಕಥೆಯ ಹೊರಗೂ ಸ್ವಲ್ಪ ಸಸ್ಪೆನ್ಸ್ ಇರುತ್ತದೆ, ನಮ್ಮ ಮನೆಯಲ್ಲಿ ಇತ್ತು.

ನಮ್ಮದೇ ಮಳೆ, ನಮ್ಮದೇ ಹೋಟೆಲು ನೋಡಬೇಕಾ? 2024ರ ‘ಶಾಖಾಹಾರಿ’. ಸಂದೀಪ್ ಸುಂಕದ್ ನಿರ್ದೇಶನ, ರಂಗಾಯಣ ರಘು ಸಸ್ಯಾಹಾರಿ ಹೋಟೆಲಿನ ಸುಬ್ಬಣ್ಣ, ಗೋಪಾಲಕೃಷ್ಣ ದೇಶಪಾಂಡೆ ಪೊಲೀಸು. ತೀರ್ಥಹಳ್ಳಿ ಕಡೆಯ ಹಿನ್ನೆಲೆ. ಇದರಲ್ಲಿ ಕೊಲೆ ಇದೆ, ಆದರೆ ನನಗೆ ಜಾಸ್ತಿ ನೆನಪಿರೋದು ರಘು ಅವರು ಅಡಿಗೆಮನೆಯಲ್ಲಿ ಓಡಾಡುವ ರೀತಿ. ಗಾಡ್ಜಿಲ್ಲಾ 2014 ಮತ್ತು ಇದು, ಎರಡರಲ್ಲಿ ಒಂದು ಅಂದರೆ ಕಣ್ಣು ಮುಚ್ಚಿಕೊಂಡು ಇದು.

ಹೊರಗಿನ ಸೀರೀಸುಗಳಲ್ಲಿ ಒಂದು ಎಚ್ಚರಿಕೆ ಮಾತ್ರ. ‘ಅಡಾಲೆಸೆನ್ಸ್’, 2025ರದ್ದು, ನಾಲ್ಕೇ ಕಂತು, ಪ್ರತಿ ಕಂತೂ ಎಲ್ಲೂ ಕತ್ತರಿಸದ ಒಂದೇ ಶಾಟ್. ಭಾರೀ ಗಟ್ಟಿ ಕೆಲಸ. ಕ್ಯಾಮೆರಾ ಕೆಳಗಿಡದೆ ಅವರು ಒಂದು ತಾಸು ಓಡಿದ್ದನ್ನು ನಾವು ವೈಫೈ ಹೋಗಿ ಬಂದು ಹೋಗಿ ಬಂದು ಏಳು ತುಂಡಾಗಿ ನೋಡಿದೆವು. ಅಂಥದ್ದನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ಪೇಟೆಗೆ ಹೋದಾಗ, ನೆಟ್‌ವರ್ಕ್ ಇರೋ ಕಡೆ ಕಾಫಿ ಕುಡಿಯುತ್ತಾ. ಯಾವ ಚಿತ್ರ ಯಾವ ಆ್ಯಪಿನಲ್ಲಿದೆ ಅನ್ನೋದೂ ಆಗಾಗ ಬದಲಾಗುತ್ತದೆ, ದುಡ್ಡು ಕಟ್ಟೋ ಮೊದಲು ಹೆಸರು ಹಾಕಿ ಹುಡುಕಿಬಿಡಿ.

ಬ್ಯಾಟರಿ ಅರ್ಧ ತಾಸಿನಷ್ಟೇ ಉಳಿದಿದ್ದರೆ? ‘ಮಾಲ್ಗುಡಿ ಡೇಸ್’ ಒಂದು ಕಂತು. 1986ರಲ್ಲಿ ದೂರದರ್ಶನದಲ್ಲಿ ಶುರುವಾದದ್ದು, ಹೊಸದಲ್ಲ, ಗೊತ್ತು. ಆದರೆ ಶಂಕರ್ ನಾಗ್ ಅದನ್ನು ತೆಗೆದದ್ದು ಆಗುಂಬೆಯಲ್ಲಿ. ಹಂಡೆ ನೀರು ಕಾಯೋಷ್ಟರಲ್ಲಿ ಒಂದು ಕಥೆ ಮುಗಿಯುತ್ತದೆ. ಹುಡುಗನಿಗೆ ಸ್ವಾಮಿಯ ಪಾತ್ರ ಗಾಡ್ಜಿಲ್ಲಾದಷ್ಟೇ ಹಿಡಿಸಿದ್ದು ನನಗೇ ಆಶ್ಚರ್ಯ.

ಈ ಸಲ ಮಳೆ ಹಿಡಿಯೋ ಮೊದಲೇ ಅಮ್ಮ ಕೇಳಿದ್ದಾಳೆ, ‘ಆ ಅಕ್ಕಿ ಹೆಂಗಸಿನ ಪಿಚ್ಚರಿಗೆ ಇನ್ನೊಂದು ಭಾಗ ಇದೆಯಾ?’ ಮುಂದಿನ ಗಾಡ್ಜಿಲ್ಲಾವನ್ನೂ ಯಮಜಾಕಿಯೇ ಬರೆದು ನಿರ್ದೇಶಿಸುತ್ತಾರೆ ಅಂತ 2024ರಲ್ಲೇ ಘೋಷಣೆಯಾಗಿದೆ ಅಂದೆ. ‘ಅವಳು ಇದ್ದಾಳಾ ಅಂತ ಕೇಳಿದ್ದು, ಆ ಪ್ರಾಣಿ ಇದ್ರೇನು ಬಿಟ್ರೇನು’ ಅಂದಳು.